ಅಬು ಮೆನಾ: ಈಜಿಪ್ಟಿನ ಹಳೆಯ ಯಾತ್ರಾನಗರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಬು ಮೆನಾ ಎಲ್ಲಿದೆ? ಅಲ್ಲಿ ನೋಡಲು ಏನಿದೆ?

ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ನೈರುತ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಬೋರ್ಗ್ ಎಲ್ ಅರಬ್ ಪಟ್ಟಣದ ಆಸುಪಾಸಿನಲ್ಲಿ, ಮರಿಯುತ್ ಎಂಬ ಬಯಲು ಸೀಮೆ ಇದೆ. ಆ ಬಯಲಿನಲ್ಲಿರುವ ಪಾಳು ನಗರವೇ ಅಬು ಮೆನಾ. ಕ್ರಿಸ್ತಶಕ 5ರಿಂದ 7ನೇ ಶತಮಾನದವರೆಗೆ ಮೆಡಿಟರೇನಿಯನ್ ಸುತ್ತಲಿನ ಕ್ರೈಸ್ತ ಲೋಕದಲ್ಲಿ ದೊಡ್ಡ ಹೆಸರು ಮಾಡಿದ್ದ ಯಾತ್ರಾಸ್ಥಳ ಇದು. ಯುನೆಸ್ಕೋ 1979ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಜಿಪ್ಟಿನ ಪಿರಮಿಡ್ಡುಗಳು, ಲಕ್ಸರ್, ಹಳೆಯ ಕೈರೋ ಸೇರಿದ್ದೂ ಅದೇ ವರ್ಷ.

ಪಿರಮಿಡ್ ನೋಡಿ ಬಂದ ಕಣ್ಣಿಗೆ ಇಲ್ಲಿ ಮೊದಲು ಏನೂ ಕಾಣುವುದಿಲ್ಲ. ಹೆಚ್ಚಿನ ಕಡೆ ಗೋಡೆಗಳ ಬುಡವಷ್ಟೇ ಉಳಿದಿದೆ. ಕಂಬಗಳ ಪೀಠಗಳು, ನೆಲಹಾಸಿನ ತುಂಡುಗಳು, ನೀರಿನ ತೊಟ್ಟಿಗಳ ಅಂಚುಗಳು. ಇದನ್ನು ನೋಡಬೇಕಾದರೆ ನಕ್ಷೆ ಹಿಡಿದು ನಿಧಾನವಾಗಿ ನಡೆಯಬೇಕು. ಆಗ ಬೀದಿ ಬೀದಿಯಾಗಿ ಒಂದು ಊರೇ ಎದ್ದು ನಿಲ್ಲುತ್ತದೆ.

ಮೆನಾ ಯಾರು?

ಸಂಪ್ರದಾಯ ಹೇಳುವಂತೆ ಮೆನಾ ಒಬ್ಬ ಈಜಿಪ್ಟಿನ ಯುವಕ, ರೋಮನ್ ಸೇನೆಯ ಸಿಪಾಯಿ. ಈಗಿನ ಟರ್ಕಿಯಲ್ಲಿರುವ ಫ್ರಿಜಿಯಾ ಪ್ರಾಂತ್ಯದಲ್ಲಿ ಅವನ ತುಕಡಿ ಇತ್ತು. ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ ಕ್ರೈಸ್ತರ ಮೇಲೆ ಹಿಂಸೆ ಶುರುವಾದಾಗ ಅವನು ಸೇನೆ ಬಿಟ್ಟು ಏಕಾಂತಕ್ಕೆ ಹೋದ. ಕೆಲಕಾಲದ ನಂತರ ಫ್ರಿಜಿಯಾದ ಊರಿಗೇ ಮರಳಿ, ಕ್ರೀಡಾಕೂಟಕ್ಕೆ ಜನ ನೆರೆದಿದ್ದ ಬಯಲಲ್ಲಿ ನಿಂತು, ತಾನು ಕ್ರೈಸ್ತ ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಚಿತ್ರಹಿಂಸೆ ಕೊಟ್ಟು ಅವನ ತಲೆ ಕಡಿದರು. ಯುನೆಸ್ಕೋ ದಾಖಲೆ ಅವನ ಮರಣದ ವರ್ಷವನ್ನು 296 ಎಂದು ಕೊಡುತ್ತದೆ. ಕಾಪ್ಟಿಕ್, ಅಂದರೆ ಈಜಿಪ್ಟಿನ ಮೂಲ ಕ್ರೈಸ್ತರ, ಸಂಪ್ರದಾಯದಲ್ಲಿ 309 ಎಂಬ ಲೆಕ್ಕವೂ ಇದೆ.

'ಅಬು' ಅಂದರೆ ಅರಬ್ಬಿಯಲ್ಲಿ ತಂದೆ. ಕಾಪ್ಟಿಕ್ ಭಾಷೆಯಲ್ಲಿ ಸಂತರನ್ನು ಗೌರವದಿಂದ ಕರೆಯುವ 'ಅಪಾ' ಎಂಬ ಪದ ಅರಬ್ಬಿಯ ಬಾಯಲ್ಲಿ ಹೀಗಾಯಿತು. ಸ್ಥಳೀಯರು ಮೀನಾ ಅಂತಲೂ ಅನ್ನುತ್ತಾರೆ.

ಒಂಟೆಗಳು ಕದಲಲಿಲ್ಲ ಎನ್ನುವ ಕಥೆ ಏನು?

ಫ್ರಿಜಿಯಾದ ತುಕಡಿಯನ್ನು ಈಜಿಪ್ಟಿಗೆ ವರ್ಗ ಮಾಡಿದಾಗ ಸೈನಿಕರು ಮೆನಾನ ಅವಶೇಷಗಳನ್ನೂ ಜೊತೆಗೆ ತಂದರಂತೆ. ಮರಿಯುತ್ ಬಯಲಿನಲ್ಲಿ ಆ ಹೊರೆ ಹೊತ್ತ ಒಂಟೆ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಹೊರೆಯನ್ನು ಬೇರೆ ಒಂಟೆಗೆ ಹೇರಿದರು, ಅದೂ ಕದಲಲಿಲ್ಲ. ಸಂತ ಇಲ್ಲೇ ಇರಬೇಕೆಂದು ಬಯಸುತ್ತಿದ್ದಾನೆ ಎಂದು ತಿಳಿದು ಅಲ್ಲೇ ಮಣ್ಣು ಮಾಡಿದರು.

ಮುಂದೆ ಸಮಾಧಿ ಎಲ್ಲಿದೆ ಎಂಬುದೇ ಜನರಿಗೆ ಮರೆತುಹೋಯಿತು. ಒಬ್ಬ ಕುರಿಗಾಹಿಯ ಕಜ್ಜಿ ಹಿಡಿದ ಕುರಿ ಅಲ್ಲಿದ್ದ ನೀರಿಗೆ ಇಳಿದು, ಮೇಲೆ ಬಂದು ಅದೇ ಮಣ್ಣಿನಲ್ಲಿ ಹೊರಳಿತು. ಕಜ್ಜಿ ವಾಸಿಯಾಯಿತು. ಕುರಿಗಾಹಿ ಆ ಮಣ್ಣನ್ನು ನೀರಲ್ಲಿ ಕಲಸಿ ಉಳಿದ ಕುರಿಗಳಿಗೂ ಹಚ್ಚಿದ, ಆಮೇಲೆ ರೋಗಿಗಳಿಗೂ ಹಚ್ಚಿದ. ಸುದ್ದಿ ಹರಡುತ್ತಾ ಒಬ್ಬ ರಾಜನ ಕುಷ್ಠ ಹಿಡಿದ ಮಗಳವರೆಗೆ ಹೋಯಿತು. ಆಕೆ ಬಂದು ಅಲ್ಲಿ ಮಲಗಿದಾಗ ಸಂತ ಕನಸಿನಲ್ಲಿ ಕಾಣಿಸಿ, ಇಲ್ಲಿ ಅಗೆಸು ಎಂದ. ಅಗೆದಾಗ ಸಮಾಧಿ ಸಿಕ್ಕಿತು.

ಇದು ಐತಿಹ್ಯ. ಆದರೂ ಈ ಕಥೆಯನ್ನು ಬಿಟ್ಟು ಊರನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ನೀರು, ಮಣ್ಣು, ನಿದ್ದೆ, ಕನಸು: ಮುಂದೆ ಇಲ್ಲಿ ಕಟ್ಟಿದ್ದೆಲ್ಲ ಈ ನಾಲ್ಕರ ಸುತ್ತಲೇ ಇದೆ.

ಇದು ಮಠವೋ, ಊರೋ?

ಎರಡೂ. ಸನ್ಯಾಸಿಗಳ ಮಠ ಇತ್ತು, ಆದರೆ ಯಾತ್ರಿಕರ ಊರು ಅದಕ್ಕಿಂತ ಬಹಳ ದೊಡ್ಡದಿತ್ತು. ನಡುವೆ ಸಮಾಧಿ ಮತ್ತು ಚರ್ಚುಗಳ ಸಮೂಹ, ಅದರ ಸುತ್ತ ಛತ್ರಗಳು, ಸ್ನಾನಗೃಹಗಳು, ಎರಡೂ ಬದಿ ಕಂಬಸಾಲುಗಳಿದ್ದ ಬೀದಿ, ಅಂಗಡಿಗಳು, ಕುಂಬಾರರ ಆವಿಗೆಗಳು, ದ್ರಾಕ್ಷಿ ಹಿಂಡುವ ಕಟ್ಟೆಗಳು, ಮನೆಗಳು.

ಕಟ್ಟಡಗಳು ಒಂದೇ ಸಲಕ್ಕೆ ಎದ್ದವಲ್ಲ. ಮೊದಲು ನೆಲದಡಿಯ ಸಮಾಧಿಯ ಮೇಲೆ ಒಂದು ಸಣ್ಣ ಗುಡಿಯಂಥ ರಚನೆ. 5ನೇ ಶತಮಾನದಲ್ಲಿ ಅದರ ಮೇಲೆ ಚರ್ಚು. ಜನ ಹೆಚ್ಚಿದಂತೆ ಅದನ್ನು ಹಿಗ್ಗಿಸಿದರು, ಸಾಲದೆ ಬಂದಾಗ ಅದರ ಪೂರ್ವಕ್ಕೆ ಮಹಾ ಬೆಸಿಲಿಕಾ ಕಟ್ಟಿದರು. ಈಜಿಪ್ಟಿನಲ್ಲಿ ಆ ಕಾಲದಲ್ಲಿ ಕಟ್ಟಿದ ಅತಿ ದೊಡ್ಡ ಚರ್ಚುಗಳಲ್ಲಿ ಅದು ಒಂದು. 6ನೇ ಶತಮಾನದಲ್ಲಿ ಸಮಾಧಿಯ ಮೇಲಿನ ಚರ್ಚನ್ನು ಕೆಡವಿ, ನಾಲ್ಕು ಕಡೆ ಬಿಲ್ಲಿನಂತೆ ಬಾಗಿದ ಗೋಡೆಗಳ ವಿನ್ಯಾಸದಲ್ಲಿ ಮತ್ತೆ ಕಟ್ಟಿದರು. ಪಶ್ಚಿಮಕ್ಕೆ ದೀಕ್ಷಾಸ್ನಾನದ ಮಂಟಪ. ಸಾಲಾಗಿ ಮೂರೂ ಪೂರ್ವ–ಪಶ್ಚಿಮವಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಒಳಗೆಲ್ಲ ಹಡಗಿನಲ್ಲಿ ತರಿಸಿದ ಅಮೃತಶಿಲೆ ಇತ್ತು; ಈ ಊರನ್ನು ಅಮೃತಶಿಲೆಯ ನಗರಿ ಎಂದು ಕರೆದದ್ದು ಅದಕ್ಕೇ.

ಯಾತ್ರಿಕರು ಹೇಗೆ ಬರುತ್ತಿದ್ದರು? ಬಂದು ಏನು ಮಾಡುತ್ತಿದ್ದರು?

ಸಮುದ್ರದ ಮೇಲೆ ಅಲೆಕ್ಸಾಂಡ್ರಿಯಾದವರೆಗೆ, ಅಲ್ಲಿಂದ ಮರಿಯೊಟಿಸ್ ಸರೋವರದಲ್ಲಿ ದೋಣಿಯ ಮೇಲೆ ದಕ್ಷಿಣದ ದಡಕ್ಕೆ, ಆಮೇಲೆ ಕಾಲ್ನಡಿಗೆಯಲ್ಲೋ ಪ್ರಾಣಿಗಳ ಮೇಲೋ ಬಯಲು ದಾಟಿ. ಬಿಸಿಲಲ್ಲಿ ದಣಿದು ಬಂದವರಿಗೆ ಮೊದಲು ಬೇಕಾದದ್ದು ನೀರು. ಅದಕ್ಕಾಗಿ ಊರಿನ ತುಂಬ ಬಾವಿಗಳನ್ನೂ ನೆಲದಡಿಯ ತೊಟ್ಟಿಗಳನ್ನೂ ತೋಡಿದ್ದರು, ಬಿಸಿನೀರಿನ ಸ್ನಾನಗೃಹಗಳನ್ನು ಕಟ್ಟಿದ್ದರು.

ಕಾಯಿಲೆಯವರಿಗೆ ಮುಖ್ಯವಾದದ್ದು ರಾತ್ರಿ. ಸಮಾಧಿ ಚರ್ಚಿನ ದಕ್ಷಿಣಕ್ಕೆ ಅಂಟಿಕೊಂಡು ಅರ್ಧಚಂದ್ರಾಕಾರದ ಒಂದು ಅಂಗಳವಿದೆ. ಅದರ ಬಾಗಿದ ಗೋಡೆಯ ಹಿಂದೆ ಸಾಲು ಕೋಣೆಗಳು. ರೋಗಿಗಳು ಸಂತನ ಸಮಾಧಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಮಲಗಿ, ಅವನು ಕನಸಿನಲ್ಲಿ ಬಂದು ಮದ್ದು ಹೇಳಲಿ ಎಂದು ಕಾಯುತ್ತಿದ್ದ ಜಾಗ ಇದು ಎಂದು ಉತ್ಖನನಕಾರರು ಗುರುತಿಸಿದ್ದಾರೆ. ಇಡೀ ಅಬು ಮೆನಾದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿಯುವುದು ಈ ಅಂಗಳವೇ. ಬೆಸಿಲಿಕಾ ಚಕ್ರವರ್ತಿಗಳ ಹಣದ ಮಾತಾಡುತ್ತದೆ. ಈ ಅಂಗಳ ಮಾತ್ರ ನಿದ್ದೆ ಬಾರದೆ ಹೊರಳಾಡಿದವರದ್ದು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಾಗುವುದನ್ನೇ ಕಾದವರದ್ದು.

ಇಲ್ಲಿನ ಪವಾಡಗಳ ಕಥೆಗಳಲ್ಲಿ ಒಂದು ಬಹಳ ಪ್ರಸಿದ್ಧ. ಒಬ್ಬ ಹೆಳವ, ಒಬ್ಬಳು ಮೂಗಿ, ಇಬ್ಬರೂ ಗುಣವಾಗಲೆಂದು ಬಂದು ಮಲಗಿದ್ದರು. ರಾತ್ರಿ ಸಂತ ಹೆಳವನ ಕನಸಿನಲ್ಲಿ ಬಂದು, ಏಳು, ಹೋಗಿ ಆ ಹೆಂಗಸಿನ ಹೊದಿಕೆ ಹಿಡಿ ಅಂದ. ಅವನು ಹೆದರುತ್ತಲೇ ತೆವಳಿಕೊಂಡು ಹೋಗಿ ಹಿಡಿದ. ಅವಳು ಬೆಚ್ಚಿಬಿದ್ದು ಕಿರುಚಿದಳು, ಅವಳಿಗೆ ಮಾತು ಬಂತು. ಅವನು ಗಾಬರಿಯಿಂದ ಎದ್ದು ಓಡಿದ, ಅವನಿಗೆ ಕಾಲು ಬಂತು. ಇಂಥ ಕಥೆಗಳು ಕಾಪ್ಟಿಕ್, ಗ್ರೀಕ್ ಭಾಷೆಗಳಲ್ಲಷ್ಟೇ ಅಲ್ಲ, ದಕ್ಷಿಣದ ಹಳೆಯ ನೂಬಿಯನ್ ಭಾಷೆಯಲ್ಲೂ ಬರೆದಿಟ್ಟಿದ್ದು ಸಿಕ್ಕಿವೆ.

ಮೆನಾ ಕುಡಿಕೆ ಅಂದರೆ ಏನು?

ಅಂಗೈಯಲ್ಲಿ ಹಿಡಿಸುವ, ಎರಡು ಕಡೆ ಚಪ್ಪಟೆಯಾದ ಮಣ್ಣಿನ ಪುಟ್ಟ ಸೀಸೆ. ಕುತ್ತಿಗೆಯ ಎರಡೂ ಬದಿಗೆ ಕಿವಿಯಂಥ ಹಿಡಿಕೆಗಳು, ದಾರ ಕಟ್ಟಿ ತೂಗುಹಾಕಿಕೊಳ್ಳಲು ಅನುಕೂಲ. ಎರಡು ಅಚ್ಚುಗಳಲ್ಲಿ ಮಣ್ಣು ಒತ್ತಿ, ಅರ್ಧರ್ಧ ಸೇರಿಸಿ ಸುಡುತ್ತಿದ್ದರು. ಮೇಲೆ ಕೈಗಳನ್ನು ಎತ್ತಿ ಪ್ರಾರ್ಥಿಸುತ್ತ ನಿಂತ ಮೆನಾ, ಅವನ ಎಡಬಲಕ್ಕೆ ತಲೆ ಬಾಗಿಸಿದ ಎರಡು ಒಂಟೆಗಳು. ಕೆಲವದರ ಮೇಲೆ 'ಸಂತ ಮೆನಾನ ಆಶೀರ್ವಾದ' ಎಂಬ ಗ್ರೀಕ್ ಅಕ್ಷರಗಳು. ಒಳಗೆ ಸಮಾಧಿಯ ಬಳಿಯ ನೀರು ಅಥವಾ ಅಲ್ಲಿ ಉರಿಯುತ್ತಿದ್ದ ದೀಪದ ಎಣ್ಣೆ. ಕಾಶಿಯಿಂದ ಬರುವವರು ಗಿಂಡಿಯಲ್ಲಿ ಗಂಗೆಯನ್ನು ತುಂಬಿಸಿ ತರುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕುಡಿಕೆಗಳು ಹೋದ ದೂರ ಆಶ್ಚರ್ಯ ಹುಟ್ಟಿಸುತ್ತದೆ. ಇಟಲಿ, ಫ್ರಾನ್ಸ್, ಜರ್ಮನಿ, ಬಾಲ್ಕನ್ ನಾಡುಗಳು, ಅಷ್ಟೇ ಏಕೆ, ಇಂಗ್ಲೆಂಡಿನ ವಿರಲ್ ಕರಾವಳಿಯ ಮೀಲ್ಸ್‌ನಲ್ಲೂ ಒಂದು ಸಿಕ್ಕಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್‌ಗೆ ಹೋಗುವ ಕನ್ನಡಿಗರು ಅಲ್ಲಿನ ಸಂಗ್ರಹದಲ್ಲಿ ಇವನ್ನು ಹುಡುಕಿ ನೋಡಬಹುದು. ಅಲೆಕ್ಸಾಂಡ್ರಿಯಾದ ಕೋಮ್ ಎಲ್ ದಿಕ್ಕಾದ ಉತ್ಖನನದಲ್ಲಿ ಮಣ್ಣಿನ ಪದರಗಳ ಲೆಕ್ಕದಲ್ಲಿ ಸಿಕ್ಕವುಗಳಿಂದ, ಇವು ಹೆಚ್ಚಾಗಿ ತಯಾರಾದದ್ದು ಸುಮಾರು 480ರಿಂದ 650ರ ನಡುವೆ ಎಂದು ತಿಳಿದಿದೆ. ಚಿನ್ನ ಬೆಳ್ಳಿಯ ಕಾಣಿಕೆಗಳು ಕರಗಿಹೋದವು, ಕಾಸಿಗೊಂದರಂತೆ ಮಾಡಿದ ಈ ಮಣ್ಣಿನ ಕುಡಿಕೆಗಳು ಉಳಿದವು. ಬಡ ಯಾತ್ರಿಕನ ಪ್ರಯಾಣಕ್ಕೆ ಬೇರೆ ದಾಖಲೆ ಎಲ್ಲಿದೆ?

ಬರೀ ಯಾತ್ರಿಕರಿಂದಲೇ ಊರು ನಡೆಯುತ್ತಿತ್ತೇ?

ಇಲ್ಲ, ದ್ರಾಕ್ಷಿಯೂ ಇತ್ತು. ಮರಿಯೊಟಿಸ್ ಸೀಮೆಯ ವೈನ್ ರೋಮನ್ನರ ಕಾಲದಿಂದಲೇ ಹೆಸರಾಗಿತ್ತು. ಅಬು ಮೆನಾದಲ್ಲಿ ದ್ರಾಕ್ಷಿ ತುಳಿಯುವ ಕಟ್ಟೆಗಳು ಸಿಕ್ಕಿವೆ. ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಗ್ರೀಕ್ ಚೀಟಿಗಳೂ ರಾಶಿಯಾಗಿ ಸಿಕ್ಕಿವೆ. ಕೊಯ್ಲಿನ ಕೂಲಿ, ವೈನ್ ಸಾಗಿಸಿದ ಲೆಕ್ಕ, ಇಂಥವೇ. ಸ್ಥಳೀಯ ಅರಬ್ಬಿಯಲ್ಲಿ ಈ ಜಾಗಕ್ಕೆ ಕರ್ಮ್ ಅಬು ಮೀನಾ ಎಂಬ ಹೆಸರಿದೆ. 'ಕರ್ಮ್' ಅಂದರೆ ದ್ರಾಕ್ಷಿ ತೋಟ.

ಊರು ಹಾಳಾದದ್ದು ಹೇಗೆ?

619ರ ಸುಮಾರಿಗೆ ಪರ್ಷಿಯನ್ನರು ಈಜಿಪ್ಟಿನ ಮೇಲೆ ಬಂದಾಗ ಊರಿಗೆ ಬೆಂಕಿ ಬಿತ್ತು. 640ರ ದಶಕದಲ್ಲಿ ಅರಬರ ಆಳ್ವಿಕೆ ಬಂತು. ಬೈಜಾಂಟಿಯಂನ (ಪೂರ್ವ ರೋಮನ್ ಸಾಮ್ರಾಜ್ಯದ) ಚಕ್ರವರ್ತಿಗಳ ಹಣವೂ ಸಮುದ್ರದಾಚೆಯ ಯಾತ್ರಿಕರೂ ಕಡಿಮೆಯಾದರು. ಆದರೂ ಊರು ಒಮ್ಮೆಲೇ ಸಾಯಲಿಲ್ಲ. ಕಾಪ್ಟಿಕ್ ಕ್ರೈಸ್ತರು ಪಾಳುಬಿದ್ದ ಚರ್ಚಿನ ಜಾಗದಲ್ಲೇ ಇನ್ನೊಂದನ್ನು ಕಟ್ಟಿ ಪೂಜೆ ಮುಂದುವರಿಸಿದರು. 9ನೇ ಶತಮಾನದಲ್ಲಿ ಇರಾಕಿನ ಸಮರ್ರಾದಲ್ಲಿ ಹೊಸ ರಾಜಧಾನಿ ಎದ್ದಾಗ ಇಲ್ಲಿನ ಅಮೃತಶಿಲೆಯನ್ನು ಕಿತ್ತು ಒಯ್ದರೆಂದು ಕಾಪ್ಟಿಕ್ ಚರ್ಚಿನ ಇತಿಹಾಸ ನೆನೆಯುತ್ತದೆ.

11ನೇ ಶತಮಾನದ ಭೂಗೋಳಜ್ಞ, ಅಂದಲೂಸಿಯದ ಅಲ್ ಬಕ್ರಿ, ಮೆನಾನ ದೊಡ್ಡ ಚರ್ಚನ್ನು ವರ್ಣಿಸುತ್ತಾನೆ: ಹಗಲೂ ರಾತ್ರಿ ಆರದ ದೀಪಗಳು, ಎರಡು ಒಂಟೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತ ಮನುಷ್ಯನ ಅಮೃತಶಿಲೆಯ ಮೂರ್ತಿ. ಆಮೇಲೆ ಮರಳು. ಸಂತನ ಅವಶೇಷಗಳು ಕೈರೋ ಸೇರಿದವು. ಅಲೆಮಾರಿಗಳು ಕುರಿ ಮೇಯಿಸುವ ಬಯಲಾಗಿ ಊರು ಮತ್ತೆ ಮೊದಲಿನ ಸ್ಥಿತಿಗೆ ಬಂತು.

ಇದನ್ನು ಮತ್ತೆ ಪತ್ತೆ ಮಾಡಿದವರು ಯಾರು?

ಜರ್ಮನಿಯ ಪಾದ್ರಿ ಮತ್ತು ಪುರಾತತ್ವಜ್ಞ ಕಾರ್ಲ್ ಮರಿಯಾ ಕೌಫ್ಮನ್. 1905ರಲ್ಲಿ ಜಾಗ ಗುರುತಿಸಿ 1907ರವರೆಗೆ ಅಗೆದರು. 1960ರ ದಶಕದಿಂದ ಜರ್ಮನ್ ಪುರಾತತ್ವ ಸಂಸ್ಥೆ ದೀರ್ಘಕಾಲ ಉತ್ಖನನ ನಡೆಸಿತು. ಕಟ್ಟಡಗಳ ಹಂತಗಳನ್ನು ಬಿಡಿಸಿ ತೋರಿಸಿದವರಲ್ಲಿ ಪೀಟರ್ ಗ್ರೋಸ್‌ಮನ್ ಅವರ ಹೆಸರು ಮೊದಲು ಬರುತ್ತದೆ. ಮೇಲೆ ನಾನು ಹೇಳಿದ ಊರಿನ ನಕ್ಷೆಗೆ ನಾವೆಲ್ಲ ಅವರ ದಶಕಗಳ ದುಡಿಮೆಗೆ ಋಣಿಗಳು.

ಮರುಭೂಮಿಯ ಪಾಳು ನಗರ 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಸೇರಿದ್ದೇಕೆ?

ನೀರಿನಿಂದ. ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಲ್ಲಿನ ನೆಲ ಜೇಡಿಮಣ್ಣಿನದು. ಒಣಗಿದ್ದಾಗ ಕಲ್ಲಿನಂತೆ ಗಟ್ಟಿ, ಎಂಥ ಭಾರವನ್ನೂ ಹೊರುತ್ತದೆ. ನೀರು ಹೆಚ್ಚಾದರೆ ಅಂಬಲಿಯಂತೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಕಾಲು ಹೂತುಹೋಗುವ ಎರೆಹೊಲ ಕಂಡ ಬಯಲುಸೀಮೆಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆ ಕಾಲದವರು ನೆಲ ಒಣಗಿಯೇ ಇರುತ್ತದೆ ಎಂದು ನಂಬಿ ಬುನಾದಿ ಹಾಕಿದರು. ಒಂದೂವರೆ ಸಾವಿರ ವರ್ಷ ಅವರ ನಂಬಿಕೆ ಹುಸಿಯಾಗಲಿಲ್ಲ.

20ನೇ ಶತಮಾನದ ಕೊನೆಯಲ್ಲಿ, ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ, ಸುತ್ತಲಿನ ಮರುಭೂಮಿಗೆ ಕಾಲುವೆ ನೀರು ಹರಿಸಿ ಹೊಲ ಮಾಡಿದರು. ಬೆಳೆ ಬಂತು. ಹೊಲದಲ್ಲಿ ಇಂಗಿದ ನೀರು ಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೆದ್ದಿತು. ನೆಲದಡಿಯ ಹಳೆಯ ತೊಟ್ಟಿಗಳು ಕುಸಿದವು, ಅವುಗಳ ಮೇಲಿದ್ದ ಕಟ್ಟಡಗಳೂ ಕುಸಿದವು. ಊರಿನ ವಾಯವ್ಯ ಭಾಗದಲ್ಲಿ ದೊಡ್ಡ ದೊಡ್ಡ ಪೊಳ್ಳುಗಳು ಬಾಯಿ ತೆರೆದವು. ಕುಸಿತ ತಡೆಯಲು ಅಪಾಯದಲ್ಲಿದ್ದ ಕಟ್ಟಡಗಳ ಬುಡಕ್ಕೆ ಮರಳು ತುಂಬಿದರು. ಸಂತನ ಸಮಾಧಿ ಇರುವ ನೆಲಮಾಳಿಗೆಗೂ ಮರಳು ತುಂಬಿ, ಜನರಿಗೆ ಅದನ್ನು ಮುಚ್ಚಬೇಕಾಯಿತು. 2001ರಲ್ಲಿ ಯುನೆಸ್ಕೋ ಈ ತಾಣವನ್ನು ಅಪಾಯದ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಇದಕ್ಕೆ ಹೆಸರೇ ಇದೆ: ಸವಳು-ಜವಳು. ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಸಿಗಾಲುವೆ ಇಲ್ಲದ ನೀರಾವರಿ ಏನು ಮಾಡುತ್ತದೆಂದು ತಮ್ಮ ಹೊಲದಲ್ಲೇ ನೋಡಿದ್ದಾರೆ. ಅಬು ಮೆನಾದ ಸುತ್ತಲಿನ ರೈತರನ್ನು ದೂರುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅವರು ಕೊಟ್ಟ ನೀರಿನಲ್ಲಿ ಬೆಳೆ ತೆಗೆದರು, ಅಷ್ಟೇ. ನೀರು ಕೊಡುವಾಗಲೇ ಅದನ್ನು ಹೊರಗೆ ಹಾಯಿಸುವ ದಾರಿಯನ್ನೂ ಯೋಚಿಸಬೇಕಿತ್ತು.

ಈಗ ಪರಿಸ್ಥಿತಿ ಹೇಗಿದೆ?

ಸುಧಾರಿಸಿದೆ, ಇದು ನಿಜಕ್ಕೂ ಸಂತೋಷದ ಸುದ್ದಿ. 2021ರಿಂದ ಸೌರವಿದ್ಯುತ್ತಿನಿಂದ ನಡೆಯುವ ವ್ಯವಸ್ಥೆ ನೀರನ್ನು ಹೊರಗೆ ಹಾಯಿಸುತ್ತಿದ್ದು, ಅಂತರ್ಜಲದ ಮಟ್ಟ ಇಳಿದಿದೆ. 2024ರಲ್ಲಿ ಸಂರಕ್ಷಣಾ ಯೋಜನೆ ಸಿದ್ಧವಾಯಿತು. 2025ರ ಜುಲೈಯಲ್ಲಿ ವಿಶ್ವ ಪರಂಪರೆ ಸಮಿತಿ ಅಬು ಮೆನಾವನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. 24 ವರ್ಷ ಹಿಡಿಯಿತು. ಆದರೆ ನೀರು ಹೊರಹಾಕುವ ಕೆಲಸ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಸುತ್ತ ನೀರಾವರಿ ಇರುವವರೆಗೂ ಇಲ್ಲಿ ಪಂಪುಗಳು ಓಡುತ್ತಲೇ ಇರಬೇಕು.

ಪಕ್ಕದಲ್ಲಿರುವ ದೊಡ್ಡ ಬಿಳಿ ಮಠ ಹಳೆಯದೇ?

ಅಲ್ಲ, ಹೊಸದು. ಆದರೆ ಅದರ ಹಿಂದೆ ಒಬ್ಬರ ಜೀವನಪೂರ್ತಿಯ ಹಂಬಲವಿದೆ. ಕೈರೋದ ಮುಕತ್ತಮ್ ಗುಡ್ಡದಲ್ಲಿ ಪಾಳುಬಿದ್ದ ಗಾಳಿಗಿರಣಿಯೊಂದರಲ್ಲಿ ಏಕಾಂತವಾಗಿ ಬದುಕುತ್ತಿದ್ದ ಸನ್ಯಾಸಿಯೊಬ್ಬರಿದ್ದರು. ದೀಕ್ಷೆಯ ಹೆಸರು ಮೀನಾ. 1959ರ ಮೇ ತಿಂಗಳಲ್ಲಿ ಅವರು 6ನೇ ಕಿರಿಲ್ಲೋಸ್ ಎಂಬ ಹೆಸರಿನಲ್ಲಿ ಕಾಪ್ಟಿಕ್ ಚರ್ಚಿನ ಪೋಪ್ ಆದರು. ಅದೇ ವರ್ಷ ನವೆಂಬರಿನಲ್ಲಿ ಪಾಳು ನಗರದ ಪಕ್ಕ ಹೊಸ ಮಠಕ್ಕೆ ಅಡಿಗಲ್ಲು ಹಾಕಿದರು. ಸಂತನ ಅವಶೇಷಗಳ ಒಂದು ಭಾಗ ಕೈರೋದಿಂದ ಇಲ್ಲಿಗೆ ಮರಳಿತು. 1971ರಲ್ಲಿ ಕಿರಿಲ್ಲೋಸ್ ತೀರಿಕೊಂಡರು. ಅವರ ಇಚ್ಛೆಯಂತೆ ಮರುವರ್ಷ ಅವರ ದೇಹವನ್ನೂ ಇಲ್ಲಿಗೇ ತಂದರು. 2013ರಲ್ಲಿ ಕಾಪ್ಟಿಕ್ ಚರ್ಚು ಅವರನ್ನು ಸಂತರೆಂದು ಘೋಷಿಸಿತು. ಇಂದು ಬಸ್ಸುಗಳಲ್ಲಿ ಬರುವ ಯಾತ್ರಿಕರು ಮೆನಾನ ಜೊತೆಗೆ ಕಿರಿಲ್ಲೋಸರ ಸಮಾಧಿಗೂ ನಮಿಸುತ್ತಾರೆ. ಹಾಗಾಗಿ ಅಬು ಮೆನಾವನ್ನು ಸತ್ತ ಊರು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾಪ್ಟಿಕ್ ಕ್ರೈಸ್ತರು ಅಂದರೆ ಯಾರು? ನಮ್ಮಲ್ಲಿ ಅವರಿಗೆ ಸಂಬಂಧಪಟ್ಟವರು ಇದ್ದಾರೆಯೇ?

ಈಜಿಪ್ಟಿನ ಮೂಲ ಕ್ರೈಸ್ತರೇ ಕಾಪ್ಟರು. ಅವರ ಪೋಪ್ ಬೇರೆ, ರೋಮಿನ ಪೋಪ್ ಬೇರೆ. 451ರಲ್ಲಿ ಕಾಲ್ಸಿಡಾನ್ ಎಂಬಲ್ಲಿ ನಡೆದ ಚರ್ಚಿನ ಮಹಾಸಭೆಯ ತೀರ್ಮಾನವನ್ನು ಒಪ್ಪದೆ ಬೇರೆಯಾದ ಪೌರ್ವಾತ್ಯ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಕಾಪ್ಟಿಕ್ ಚರ್ಚು ಒಂದು. ಅರ್ಮೇನಿಯ, ಇಥಿಯೋಪಿಯ, ಸಿರಿಯಾದ ಚರ್ಚುಗಳೂ ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚೂ ಇದೇ ಕುಟುಂಬದವು. ಉಡುಪಿ ಜಿಲ್ಲೆಯ ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯ ಮಲಂಕರ ಚರ್ಚಿಗೆ ಸೇರಿದ್ದರಿಂದ ಅವರಿಗೆ ಕಾಪ್ಟರು ವಿಶ್ವಾಸದಲ್ಲಿ ನಂಟರು.

ಕಂಬದ ಮೇಲೆ ವರ್ಷಗಟ್ಟಲೆ ನಿಂತ ಸಂತನ ಜಾಗ ಇದೇ ಅಲ್ಲವೇ?

ಅಲ್ಲ. ಅದು ಸಿರಿಯಾದ ಅಲೆಪ್ಪೋ ಬಳಿಯ ಕಲಾತ್ ಸಿಮಾನ್. 459ರಲ್ಲಿ ತೀರಿಕೊಂಡ ಸಂತ ಸಿಮಿಯೋನನದು.

ನೋಡಲು ಹೋಗುವವರು ಏನು ತಿಳಿದಿರಬೇಕು?

ಅಲೆಕ್ಸಾಂಡ್ರಿಯಾದಲ್ಲಿ ಉಳಿದುಕೊಂಡು ಒಂದು ದಿನದಲ್ಲಿ ಹೋಗಿಬರಬಹುದು. ಬೋರ್ಗ್ ಎಲ್ ಅರಬ್ ವಿಮಾನ ನಿಲ್ದಾಣ ಇನ್ನೂ ಹತ್ತಿರ. ನೆರಳು ಕಡಿಮೆ, ಟೋಪಿ, ಕುಡಿಯುವ ನೀರು ಜೊತೆಗಿರಲಿ. ಮಠದೊಳಗೆ ಮೈಮುಚ್ಚುವ ಉಡುಪು ಬೇಕು. ಪಾಳು ಗೋಡೆಗಳ ಮೇಲೆ ಹತ್ತಬೇಡಿ, ನೆಲದಲ್ಲಿ ಬಿದ್ದಿರುವ ಮಡಕೆ ಚೂರನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ. ಮೊದಲು ಮಹಾ ಬೆಸಿಲಿಕಾ, ಆಮೇಲೆ ಸಮಾಧಿ ಚರ್ಚು, ಅಲ್ಲಿಂದ ದಕ್ಷಿಣಕ್ಕೆ ಅರ್ಧಚಂದ್ರದ ಅಂಗಳ: ಈ ಕ್ರಮದಲ್ಲಿ ನಡೆದರೆ ಊರು ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲೆಕ್ಸಾಂಡ್ರಿಯಾದ ಗ್ರೀಕೋ-ರೋಮನ್ ಮ್ಯೂಸಿಯಂ ನೋಡುವ ಯೋಜನೆ ಇದ್ದರೆ ಅದನ್ನು ಮೊದಲೇ ಮುಗಿಸಿ. ಆ ಕಾಲದ ಕಲೆಯ ಪರಿಚಯ ಆಗಿರುತ್ತದೆ.

ಸಂತ ಮೆನಾನ ಹಬ್ಬ ಯಾವಾಗ?

ಕಾಪ್ಟಿಕ್ ಪಂಚಾಂಗದ ಹಾತೂರ್ ತಿಂಗಳ 15ನೇ ದಿನ, ಅಂದರೆ ನಮ್ಮ ಲೆಕ್ಕದಲ್ಲಿ ನವೆಂಬರ್ 24. ಇಲ್ಲಿನ ಚರ್ಚಿನ ಪ್ರತಿಷ್ಠೆಯ ನೆನಪಿಗೆ ಜೂನ್ 22ರಂದು ಇನ್ನೊಂದು ಹಬ್ಬವಿದೆ. ಪಾಳು ನಗರವನ್ನು ಸಾವಕಾಶವಾಗಿ ನೋಡಬೇಕೆನ್ನುವವರು ಈ ಎರಡು ದಿನಗಳನ್ನು ಬಿಟ್ಟು ಹೋಗಿ. ಜನ ಈ ಬಯಲಿಗೆ ಇನ್ನೂ ಏಕೆ ಬರುತ್ತಾರೆ ಎಂದು ನೋಡಬೇಕೆನ್ನುವವರು ನವೆಂಬರಿನ ಹಬ್ಬಕ್ಕೇ ಹೋಗಿ.